ಅಟ್ಟದ ಮೇಲಿದ್ದ ಹಾರ್ಮೋನು

ಅರಕಲಗೂಡಿನ ಆ ಬೀದಿಯಲ್ಲಿ ಮುದ್ದೆ ಅಂದರೆ ಸಣ್ಣಕ್ಕನ ಮುದ್ದೆ. ಗಂಟಿಲ್ಲ, ಬಿರುಕಿಲ್ಲ, ತಟ್ಟೆಗಿಟ್ಟರೆ ಮಹಾರಾಜರು ಸಿಂಹಾಸನದಲ್ಲಿ ಕೂತಂತೆ ಕೂರುತ್ತಿತ್ತು. ಅಂಥ ಸಣ್ಣಕ್ಕನ ಕೈಯಿಂದ ಸೊಸೆ ಶೋಭಿತಾ ಸೌಟು ಇಸಕೊಂಡಳು. ಜಗಳವಾಡಿ ಇಸಕೊಂಡಿದ್ದರೆ ಸಣ್ಣಕ್ಕ ಗೆಲ್ಲುತ್ತಿದ್ದಳು. ಮರ್ಯಾದೆಯಿಂದ ಇಸಕೊಂಡಳು.

"ನೀವು ಕೂತ್ಕಳಿ ಅತ್ತೆ, ನಾನಿವ್ನಿ" ಅಂದಳು.

ಪಟ್ಟ ಇಳಿಯೋದು ಅಂದರೆ ಇದೇ.

ಸೊಸೆಯ ತಪ್ಪೂ ಅಲ್ಲ. ಗಂಡ ದೇವಯ್ಯ ಹೋದ ಮೇಲೆ ಸಣ್ಣಕ್ಕನಿಗೆ ರೆಪ್ಪೆ ಅಂಟುತ್ತಿರಲಿಲ್ಲ, ನೆನಪು ನಿಲ್ಲುತ್ತಿರಲಿಲ್ಲ. ಇವತ್ತು ಸಾರಿಗೆ ಎರಡು ಸಲ ಉಪ್ಪು, ನಾಳೆ ಉಪ್ಪೇ ಇಲ್ಲ. (ಎರಡನ್ನೂ ಬೆರೆಸಿದ್ದರೆ ಸರಿಹೋಗುತ್ತಿತ್ತು.) ಒಲೆ ಮೇಲೆ ಹಾಲಿಟ್ಟು, ಹಾಲೆಲ್ಲಿ ಅಂತ ಬೀದಿಯೆಲ್ಲ ಕೇಳಿಕೊಂಡು ಬಂದಳು. ಹಾಲು ಸೀದು ವಾಸನೆಯೇ ಬೀದಿಗೆ ಬಂದು ಅವಳನ್ನು ಕರೆಯಿತು.

ಮಗ ಭೀಮ ಹಾಸನದ ಡಾಕ್ಟರಿಗೆ ತೋರಿಸಿದ. ರಕ್ತ ಕೊಟ್ಟಾಯಿತು. ರಿಪೋರ್ಟು ಬಂದ ದಿನ ಭೀಮ ಔಷಧಿ ಅಂಗಡಿ ಮುಂದೆ ನಿಂತಿದ್ದ; ಡಾಕ್ಟರು ಸಣ್ಣಕ್ಕನಿಗೇ ಬಿಡಿಸಿ ಹೇಳಿದರು. ದುಃಖ, ಚಿಂತೆ ಹೆಚ್ಚಾದರೆ ಹಾರ್ಮೋನು ಮೇಲೇರುತ್ತದೆ. ಬಹಳ ಕಾಲ ಮೇಲೇ ಇದ್ದುಬಿಟ್ಟರೆ ಮೆದುಳಲ್ಲಿ ನೆನಪು ಹಿಡಿದಿಡುವ ನರಗಳು ನೀರು ಕಾಣದ ಹೊಗೆಸೊಪ್ಪಿನ ಸಸಿಯಂತೆ ಸೊರಗುತ್ತವೆ.

"ನಿಮ್ಮ ಹಾರ್ಮೋನು ಮೇಲಿದೆ ತಾಯಿ. ಮೊದಲು ಅದನ್ನ ಕೆಳಗಿಳಿಸಬೇಕು. ಇಳಿಸಿ, ಮನಸ್ಸಿಗೆ ಹಿಡಿಸಿದ ಕೆಲಸ ಮಾಡಿ. ಸಸಿ ಮತ್ತೆ ಚಿಗುರುತ್ತೆ."

ಸಣ್ಣಕ್ಕ ಬಾಯಿ ಬಿಟ್ಟುಕೊಂಡು ಕೂತಳು. ದೇವಯ್ಯ ಹಾರ್ಮೋನಿ ಮೇಷ್ಟ್ರು. ಹೊಳೆನರಸೀಪುರದಿಂದ ಚನ್ನರಾಯಪಟ್ಟಣದವರೆಗೆ ಯಾವ ಊರಲ್ಲಿ ನಾಟಕ ಕಲಿತರೂ ಇವನ ಪೆಟ್ಟಿಗೆಯೇ ಬೇಕು. ಅವನು ತೀರಿಕೊಂಡು ಹಾಲುತುಪ್ಪದ ಕಾರ್ಯ ಮುಗಿದ ಮಾರನೆ ದಿನ ಆ ಪೆಟ್ಟಿಗೆಯನ್ನು ನೋಡಲಾರದೆ ಹಳೇ ಪಂಚೆಯಲ್ಲಿ ಸುತ್ತಿ ಅಟ್ಟಕ್ಕೆ ಹಾಕಿಸಿದ್ದಳು. ಹಾಸನದ ಡಾಕ್ಟರಿಗೆ ಇದು ಹೇಗೆ ಗೊತ್ತು?

"ಡಾಕ್ಟ್ರಂದ್ರೆ ಅಂಗಿರ್ಬೇಕು ಕಣ್ಲಾ" ಅಂದಳು ಬಸ್ಸಿನಲ್ಲಿ. "ರಕ್ತ ನೋಡ್ಬುಟ್ಟು ನಮ್ಮನೆ ಅಟ್ಟ ಕಂಡ್ಬುಟ್ರು."

ಅವ್ವನಿಗೆ ಇನ್ನೂ ಜಾಸ್ತಿಯಾಗಿದೆ ಅಂದುಕೊಂಡು ಭೀಮ ಕಿಟಕಿ ಕಡೆ ತಿರುಗಿದ.

ಮನೆಗೆ ಬಂದವಳೇ ಏಣಿ ಹಾಕಿಸಿದಳು. ಪೆಟ್ಟಿಗೆಯ ತಿದಿಯನ್ನು ಇಲಿ ಕಡಿದಿತ್ತು, ಬಟ್ಟೆ ಅಂಟಿಸಿದಳು. ಬಿಳಿ ಪಟ್ಟಿಗಳಲ್ಲೊಂದು ದೇವಯ್ಯನ ಬೆರಳು ತಗುಲಿ ತಗುಲಿ ಹಳ್ಳವಾಗಿತ್ತು. ಆ ಹಳ್ಳದಲ್ಲಿ ತನ್ನ ಬೆರಳಿಟ್ಟು ಸುಮಾರು ಹೊತ್ತು ಕೂತಳು. ಆಮೇಲೆ ಒತ್ತಿದಳು.

ಕರು ಕಳಕೊಂಡ ಎಮ್ಮೆಯ ಸ್ವರ ಬಂತು.

ಅಲ್ಲಿಂದ ಶುರುವಾಯಿತು ಚಿಕಿತ್ಸೆ. ಬೆಳಿಗ್ಗೆ ಎಮ್ಮೆ, ಸಂಜೆ ಎಮ್ಮೆ. ನೋಡನೋಡುತ್ತ ಸಣ್ಣಕ್ಕನಿಗೆ ನಿದ್ದೆ ಬಂತು. ಗಂಡ ಹಾಡುತ್ತಿದ್ದ ನಾಟಕದ ಪದಗಳು ಸಾಲುಸಾಲಾಗಿ ನೆನಪಾದವು. ಹಾಲನ್ನು ಎಲ್ಲಿಟ್ಟೆ ಅನ್ನೋದೂ ನೆನಪಾಯಿತು. ಅತ್ತ ಶೋಭಿತಾಗೆ ನಿದ್ದೆ ಹೋಯಿತು. ಒಂದು ಮಧ್ಯಾಹ್ನ ಅವಳು ಬಡಿಸಿದ ಸಾರನ್ನು ಸಣ್ಣಕ್ಕ ನಾಲಿಗೆಗೆ ಹಚ್ಚಿದಳು, ಕಣ್ಣು ಮುಚ್ಚಿದಳು, ತೀರ್ಪು ಕೊಟ್ಟಳು: "ಉಪ್ಪೇ ಇಲ್ಲ ಕಣವ್ವ."

ಮುಂದಿನ ಸಲ ಮೂವರೂ ಹಾಸನಕ್ಕೆ ಹೋದರು. ಡಾಕ್ಟರು ರಿಪೋರ್ಟು ನೋಡಿ ಖುಷಿಪಟ್ಟರು. ಹಾರ್ಮೋನು ಚೆನ್ನಾಗಿ ಇಳಿದಿದೆ, ಹೇಗೆ ಇಳಿಸಿದಿರಿ ಅಂತ ಕೇಳಿದರು.

"ಏಣಿ ಆಕ್ಕಂಡು ಸಾ" ಅಂದಳು ಸಣ್ಣಕ್ಕ ಎದೆಯೆತ್ತಿ. "ಮಾ ಭಾರ. ಭೀಮನ ಸೊಂಟ ಇಡ್ಕಂಬುಡ್ತು."

ಭೀಮ ತಲೆ ತಗ್ಗಿಸಿಕೊಂಡು ಅಟ್ಟದ ಕಥೆ ಹೇಳಿದ. ಡಾಕ್ಟರು ನಕ್ಕು ನಕ್ಕು ಕನ್ನಡಕ ತೆಗೆದು ಕಣ್ಣೊರೆಸಿಕೊಂಡರು. ರಕ್ತದಲ್ಲಿ ಇರೋದೇ ಬೇರೆ ಹಾರ್ಮೋನು ಅಂತ ತಿಳಿಸಿ, ಇಳಿದಿದ್ದು ಇಳಿಯಿತಲ್ಲ, ಬಾರಿಸ್ತಾ ಇರಿ ಅಂದರು.

ಆಗ ಶೋಭಿತಾ ಮೆಲ್ಲಗೆ ಹೇಳಿದಳು. "ನಂದೂ ಒಸಿ ನೋಡಿ ಸಾ. ಅವ್ರುದ್ದು ಕೆಳಕ್ಕಿಳಿದ ದಿನದಿಂದ ನಂದು ಅಟ್ಟ ಅತ್ತೈತೆ."

ತನಗೆ ತಿಳಿಯದ್ದಕ್ಕೆ ಸಣ್ಣಕ್ಕನಿಗೆ ನಾಚಿಕೆಯೇನೂ ಆಗಲಿಲ್ಲ. ಎರಡು ಹಾರ್ಮೋನನ್ನೂ ಒಂದೇ ಏಣಿಯಲ್ಲಿ ಇಳಿಸಿದವರು ಜಿಲ್ಲೆಯಲ್ಲಿ ಇನ್ಯಾರಿದ್ದಾರೆ?

ಊರಿಗೆ ಬಂದ ಸಂಜೆ ಶೋಭಿತಾ ಸೌಟನ್ನೂ ಮುದ್ದೆಕೋಲನ್ನೂ ತೊಳೆದು ಅತ್ತೆಯ ಕೈಗಿಟ್ಟಳು. ನಿಮ್ಮಂಗೆ ತಿರುವೋಕೆ ನಂಗೆ ಬರಾಕಿಲ್ಲ ಅಂದಳು. ಸಣ್ಣಕ್ಕ ಬೀದಿಗೆಲ್ಲ ಸಾರಿದಳು, ಸೊಸೆಯೇ ಸೋತು ಪಟ್ಟ ಒಪ್ಪಿಸಿದಳು ಅಂತ. ಎರಡು ಕೈಯೂ ಮುದ್ದೆಕೋಲು ಹಿಡಿದರೆ ಹಾರ್ಮೋನಿ ಮುಟ್ಟಲು ಮೂರನೇ ಕೈ ಇರೋದಿಲ್ಲ ಅನ್ನೋದು ಅವಳಿಗೆ ಆಮೇಲೆ ಹೊಳೆಯಿತು. ಆ ಹೊತ್ತಿಗೆ ಸಣ್ಣಕ್ಕ ಬಾಯಿಬಿಟ್ಟು ಹೇಳಿಯಾಗಿತ್ತು, ಗತ್ತಿನಿಂದ, ಪಕ್ಕದ ಮನೆಗೂ ಕೇಳುವಂತೆ:

"ನೀನು ಕೂತ್ಕಳವ್ವ, ನಾನಿವ್ನಿ."

ಶೋಭಿತಾ ಕೂತಳು. ಇನ್ನೂ ಎದ್ದಿಲ್ಲ.