ಗಡ್ಡೆ ಕಟ್ಟಿದ ಹಿಪ್ಪೆ ಎಣ್ಣೆಯೂ ಒಂದು ಹರಕೆ ಕಾಯಿಯೂ

ನಾನು ಸಿಟ್ಟಿನಲ್ಲಿ ಹೇಳಿದ್ದಕ್ಕೆಲ್ಲ ಜನ ನಗುವುದು ನನ್ನ ಹಣೆಬರಹ. ಎಪ್ಪತ್ತರ ದಶಕದ ಕೊನೆಯಿಂದ ಎಂಬತ್ತರ ದಶಕದ ಅರ್ಧದವರೆಗೆ ಮಧುಗಿರಿಯ ಹೊರಗಿದ್ದ ಒಂದು ಎಣ್ಣೆ ಮಿಲ್ಲಿನಲ್ಲಿ ನಾನು ಬಾಯ್ಲರ್ ನೋಡಿಕೊಳ್ಳುತ್ತಿದ್ದೆ. ಅಲ್ಲಿ ವಾರಕ್ಕೊಂದಾದರೂ ಇಂಥದ್ದು ನಡೆಯುತ್ತಿತ್ತು. ನಡೆದಾಗ ನನಗೆ ಮೈಯೆಲ್ಲ ಉರಿಯುತ್ತಿತ್ತು, ಈಗ ಹೇಳುವಾಗಲೂ ಉರಿಯುತ್ತದೆ. ಕೇಳುವವರು ಮಾತ್ರ ಹೊಟ್ಟೆ ಹಿಡಿದುಕೊಂಡು ನಗುತ್ತಾರೆ. ನಗಲಿ.

ನಮ್ಮ ಮಿಲ್ಲಿಗೆ ಐ.ಡಿ.ಹಳ್ಳಿ ಕಡೆಯಿಂದ ಹಿಪ್ಪೆ ಬೀಜ, ಕೊಳಾಲದಿಂದ ಹೊಂಗೆ, ಪಾವಗಡದಿಂದ ಬೇವು ಬರುತ್ತಿದ್ದವು. ಎಣ್ಣೆಯೆಲ್ಲ ಬೆಂಗಳೂರಿನ ಒಂದು ಸೋಪಿನ ಕಾರ್ಖಾನೆಗೆ. ಹೊಂಗೆ, ಬೇವು ಹೇಳಿದ ಮಾತು ಕೇಳುವ ಎಣ್ಣೆಗಳು. ಹಿಪ್ಪೆ ಹಾಗಲ್ಲ. ಬೇಸಿಗೆಯಲ್ಲಿ ನೀರಿನಂತೆ ಹರಿಯುತ್ತದೆ, ಮಾರ್ಗಶಿರದ ಚಳಿ ಬಿದ್ದರೆ ತುಪ್ಪದ ಹಾಗೆ ಗಡ್ಡೆ ಕಟ್ಟಿ ಕೂತುಬಿಡುತ್ತದೆ. ಮಿಲ್ಲಿನ ಯಜಮಾನರು, ನಾವು ಸಾವ್ಕಾರ್ರು ಅನ್ನುತ್ತಿದ್ದೆವು, ಈ ಎಣ್ಣೆ ತುಂಬಲು ಒಂದು ಗುಜರಿ ಟ್ಯಾಂಕರ್ ತಂದಿದ್ದರು. ಚಕ್ರ ಇಲ್ಲ, ಇಂಜಿನ್ ಇಲ್ಲ, ಹದಿನೆಂಟು ಅಡಿ ಉದ್ದದ ಹೊಟ್ಟೆ ಮಾತ್ರ. ಅದನ್ನು ಕಲ್ಲು ದಿಂಡುಗಳ ಮೇಲೆ ಅಡ್ಡ ಮಲಗಿಸಿದ್ದರು. ಒಂದು ತುದಿಯಲ್ಲಿ ನಲ್ಲಿ. ಆ ಟ್ಯಾಂಕು ನನ್ನ ಅರ್ಧ ಆಯುಷ್ಯ ತಿಂದಿತು.

೧. ಬಾಣಂತಿ ಒಲೆ

ಮೊದಲ ಚಳಿಗಾಲ ಕಾರ್ಖಾನೆಯ ಲಾರಿ ಬಂದು ನಿಂತಿತು. ನಲ್ಲಿ ತಿರುಗಿಸಿದರೆ ಒಂದು ತೊಟ್ಟೂ ಇಲ್ಲ. ಸಾವ್ಕಾರ್ರು ನಲ್ಲಿಗೆ ಬಾಯಿಟ್ಟು ಊದಿದರು. ಆಮೇಲೆ ಹಾರೆ ಹಾಕಿ ತಿವಿಸಿದರು. ಕೊನೆಗೆ ಟ್ಯಾಂಕಿನ ಕೆಳಗೆ ಸೌದೆ ಪೇರಿಸಿ ಬೆಂಕಿ ಹಾಕಿ ಅಂದರು. ನಾನು ಬೇಡ ಅಂದೆ, ಬಾಯ್ಲರಿನ ಪರೀಕ್ಷೆ ಪಾಸಾದವನು ಹೇಳುತ್ತಿದ್ದೇನೆ ಅಂದೆ. ನಿನ್ನ ಪರೀಕ್ಷೆ ಬಾಯ್ಲರಿಗೆ, ಟ್ಯಾಂಕ್ ನಂದು ಅಂದರು.

ಬೆಂಕಿ ಬಿದ್ದ ಕಡೆ ಎಣ್ಣೆ ಸೀದು ಕರ್ರಗಾಯಿತು. ಇನ್ನೊಂದು ತುದಿಯಲ್ಲಿ ಗಡ್ಡೆ ಇದ್ದ ಹಾಗೇ ಇತ್ತು. ಊರೆಲ್ಲ ಸುಟ್ಟ ವಾಸನೆ. ಬೀಜ ಆರಿಸಲು ಬರುತ್ತಿದ್ದ ಹೆಂಗಸೊಬ್ಬಳು ಸೊಂಟಕ್ಕೆ ಕೈಯಿಟ್ಟುಕೊಂಡು ನಿಂತು ನೋಡಿ, "ಅಣ್ಣಯ್ಯ, ಬಾಣಂತಿಗೆ ನೀರ್ ಕಾಸ್ದಂಗೆ ಕಾಸ್ತಾವ್ರಲ್ಲ, ಕೂಸೆಲ್ಲಿ?" ಅಂದಳು. ಹಮಾಲರೆಲ್ಲ ನಕ್ಕರು. ಸಾವ್ಕಾರ್ರು ತಿರುಗಿ ನನ್ನನ್ನು ಬೈದರು. ಸಾವ್ಕಾರ್ರನ್ನು ಬಿಟ್ಟರೆ ಅಲ್ಲಿ ನಗದೆ ಇದ್ದವನು ನಾನೊಬ್ಬನೇ.

೨. ನೀರಿನ ಲಾರಿ

ಬೆಂಕಿ ಸಾಲದೆ ಹಬೆಗೆ ಬಂದರು. ಬಾಯ್ಲರಿನಿಂದ ಒಂದು ರಬ್ಬರ್ ಪೈಪು ಎಳೆದು ಟ್ಯಾಂಕಿನ ಮೇಲಿನ ಬಾಯಿಯಿಂದ ಒಳಗೆ ಬಿಡು ಅಂದರು. ಬಿಟ್ಟೆ. ಹಬೆ ಗಡ್ಡೆಯೊಳಗೆ ನೆಟ್ಟಗೆ ಒಂದು ತೂತು ಕೊರೆದುಕೊಂಡು ಹೋಗಿ, ಅದೇ ತೂತಿನಿಂದ ವಾಪಸು ಬಂದು ಸಾವ್ಕಾರ್ರ ಕನ್ನಡಕಕ್ಕೆ ಹೊಡೆಯಿತು. ಸುತ್ತಲಿನ ಎಣ್ಣೆ ಕರಗಲಿಲ್ಲ. ಪೈಪನ್ನು ಅಲ್ಲಿ ಇಲ್ಲಿ ಬದಲಿಸಿ ದಿನವಿಡೀ ಊದಿದ ಮೇಲೆ ನಲ್ಲಿಯಲ್ಲಿ ಏನೋ ಬಂತು. ಅದರಲ್ಲಿ ಎಣ್ಣೆ ಎಷ್ಟು, ತಣ್ಣಗಾದ ಹಬೆಯ ನೀರು ಎಷ್ಟು ಅಂತ ದೇವರೇ ಬಲ್ಲ. ನೀರು ಸೇರಿದೆ, ಕಳಿಸಬೇಡಿ ಅಂದೆ. ಸಾವ್ಕಾರ್ರು ಬೆರಳದ್ದಿ ಮೂಸಿ, ಎಣ್ಣೆ ವಾಸನೆ ಐತಲ್ಲ ಅಂದರು.

ವಾರದೊಳಗೆ ಲಾರಿ ತುಂಬಿದ ಹಾಗೆಯೇ ವಾಪಸು ಬಂತು, ಜೊತೆಗೊಂದು ಕಾಗದ. ಇನ್ನು ಮುಂದೆ ಎಣ್ಣೆಯನ್ನೂ ನೀರನ್ನೂ ಬೇರೆ ಬೇರೆ ಲಾರಿಗಳಲ್ಲಿ ಕಳಿಸಿಕೊಡಿ, ನೀರಿನ ಲಾರಿ ತಡವಾದರೂ ಚಿಂತೆಯಿಲ್ಲ, ನಮ್ಮಲ್ಲಿ ಬೋರ್‌ವೆಲ್ ಇದೆ ಅಂತ ಬರೆದಿದ್ದರು. ಅದನ್ನು ಎಲ್ಲರ ಮುಂದೆ ಗಟ್ಟಿಯಾಗಿ ಓದುವ ಕೆಲಸ ನನಗೆ ಬಂತು. ಓದಿ ಮುಗಿಸಿದ ಮೇಲೆ ಸಾವ್ಕಾರ್ರು, "ನೋಡ್ದಾ, ಮುಂದಕ್ಕೂ ಕಳ್ಸಿ ಅಂದವ್ರೆ" ಅಂದರು.

೩. ಎರಡು ಪೈಪು

ಇಷ್ಟೆಲ್ಲ ನೋಡಿ ನನಗೊಂದು ದಾರಿ ಹೊಳೆದಿತ್ತು. ಕರಗಿದ ಎಣ್ಣೆ ಕೆಳಕ್ಕೆ ಇಳಿಯುತ್ತದೆ, ಬೇರೆಲ್ಲೂ ಹೋಗುವುದಿಲ್ಲ. ನಮ್ಮ ನಲ್ಲಿ ಇದ್ದದ್ದು ಒಂದು ತುದಿಯಲ್ಲಿ. ಹದಿನೆಂಟು ಅಡಿ ಆಚೆ ಕರಗಿದ್ದು ನಲ್ಲಿಯವರೆಗೆ ಬರುವಷ್ಟರಲ್ಲಿ ಮತ್ತೆ ಗಡ್ಡೆ ಕಟ್ಟುತ್ತಿತ್ತು. ಹಾಗಾಗಿ ಟ್ಯಾಂಕಿನ ತಳದಲ್ಲಿ ಈ ತುದಿಯಿಂದ ಆ ತುದಿಯವರೆಗೆ ತೂತು ಕೊರೆದ ಒಂದು ಪೈಪು ಮಲಗಿಸಬೇಕು. ಅದರ ಮೇಲೆ ಸರಿಯಾಗಿ ಒಂದು ಗೇಣು ಬಿಟ್ಟು, ತೂತಿಲ್ಲದ ಇನ್ನೊಂದು ಪೈಪು. ಮೇಲಿನದರಲ್ಲಿ ಹಬೆ ಓಡುತ್ತದೆ, ಎಣ್ಣೆಯನ್ನು ಮುಟ್ಟದೆ ಕಾಯಿಸುತ್ತದೆ. ಕರಗಿದ್ದು ಅಲ್ಲೇ ಕೆಳಗಿನ ಪೈಪಿಗೆ ಸೋರಿ ಹೊರಗೆ ಬರುತ್ತದೆ. ನೀರಿನ ತಂಟೆಯೇ ಇಲ್ಲ. ಸೀಮೆಸುಣ್ಣದಲ್ಲಿ ಟ್ಯಾಂಕಿನ ಮೈಮೇಲೇ ಇದರ ಚಿತ್ರ ಬರೆದು ತೋರಿಸಿದೆ.

ಸಾವ್ಕಾರ್ರು ಚಿತ್ರ ನೋಡಿ ತಲೆಯಾಡಿಸಿದರು. ಆದರೆ ಈಗ ಟ್ಯಾಂಕಿನ ತುಂಬ ಗಡ್ಡೆ ಇದೆಯಲ್ಲ, ಪೈಪು ಎಲ್ಲಿ ಹಾಕ್ತೀಯ, ಬೇಸಿಗೆಯಲ್ಲಿ ಕೇಳು ಅಂದರು. ಬೇಸಿಗೆಯಲ್ಲಿ ಟ್ಯಾಂಕ್ ಖಾಲಿಯಾಯಿತು, ಕೇಳಿದೆ. ಎಣ್ಣೆ ಚೆನ್ನಾಗಿ ಹರೀತಾ ಐತಲ್ಲ, ಈಗ್ಯಾಕೆ ಪೈಪು ಅಂದರು. ಚಳಿಗಾಲ ಬಂತು, ಕೇಳಿದೆ. ತುಂಬಿದೆಯಲ್ಲ ಅಂದರು. ಹೀಗೆ ಮೂರು ವರ್ಷ. ಪ್ರತಿ ಸಲ ಮಳೆಗೆ ಅಳಿಸಿಹೋದ ಚಿತ್ರವನ್ನು ನಾನು ಮತ್ತೆ ಬರೆಯುತ್ತಿದ್ದೆ. ಮಿಲ್ಲಿಗೆ ಬೀಜ ತರುವ ಗಾಡಿಯವರು ಅದನ್ನು ನಮ್ಮ ಮಿಲ್ಲಿನ ಮಾರ್ಕು ಅಂದುಕೊಂಡು, ಚೀಲದ ಮೇಲೂ ಎರಡೆರಡು ಗೀಟು ಎಳೆದು ತರತೊಡಗಿದರು.

೪. ಹರಕೆ

ನನ್ನ ಪೈಪಿಗೆ ಬರದ ಭಾಗ್ಯ ಒಂದು ತೆಂಗಿನಕಾಯಿಗೆ ಬಂತು.

ಸಾವ್ಕಾರ್ರ ತಾಯಿಯನ್ನು ಎಲ್ಲರೂ ಅಮ್ಮಾರು ಅನ್ನುತ್ತಿದ್ದರು. ಒಳ್ಳೆಯವರು. ಬಾಯ್ಲರ್ ಶಾಖಕ್ಕೆ ಬೆವರುತ್ತಾನೆ ಅಂತ ದಿನಾ ನನಗೆ ಮಜ್ಜಿಗೆ ಕಳಿಸುತ್ತಿದ್ದರು. ಅದಕ್ಕೇ ಅವರನ್ನು ಬೈಯಲು ಬಾಯಿ ಬರುತ್ತಿರಲಿಲ್ಲ, ಸಿಟ್ಟೆಲ್ಲ ಒಳಗೇ ಉಳಿಯುತ್ತಿತ್ತು. ಮೂರನೇ ವರ್ಷದ ಆಯುಧಪೂಜೆಯ ದಿನ ಅವರು ಹರಕೆ ಹೊತ್ತರು. ಒಂದು ಚಳಿಗಾಲದ ಹಿಪ್ಪೆ ಎಣ್ಣೆ ತಕರಾರಿಲ್ಲದೆ ಪೂರ್ತಿ ಹೋಗುವವರೆಗೆ ಬಾಯ್ಲರಿಗೆ ಕಟ್ಟಿದ ಕಾಯಿ ಇಳಿಸುವುದಿಲ್ಲ ಅಂತ. ಕಾಯಿಯನ್ನು ಕೆಂಪು ವಸ್ತ್ರದಲ್ಲಿ ಗಂಟು ಕಟ್ಟಿ, ನೇತುಹಾಕಲು ಅನುಕೂಲವಾದ ಜಾಗ ಹುಡುಕಿ, ಸೇಫ್ಟಿ ವಾಲ್ವಿನ ತೋಳಿಗೆ ನೇತುಹಾಕಿದರು.

ಬಾಯ್ಲರಿನ ತಲೆಯ ಮೇಲೆ ಅಡ್ಡಕ್ಕೆ ಒಂದು ಕಬ್ಬಿಣದ ತೋಳು ಇರುತ್ತದೆ, ಅದರ ತುದಿಯಲ್ಲಿ ತೂಕದ ಗುಂಡು. ಒಳಗಿನ ಹಬೆ ಹದ ಮೀರಿದರೆ ಆ ತೋಳನ್ನು ಎತ್ತಿಕೊಂಡು ಹೊರಗೆ ನುಗ್ಗುತ್ತದೆ, ಬಾಯ್ಲರ್ ಸಿಡಿಯದೆ ಉಳಿಯುತ್ತದೆ. ತೋಳಿಗೆ ತೂಕ ಹೆಚ್ಚಿಸಿದರೆ ಹಬೆ ಎತ್ತುವುದು ತಡ. ತಡವಾದರೆ ಮೊದಲು ಮೇಲೆ ಹೋಗುವವನು ಎದುರಿಗೆ ಕೂತ ನಾನು. ನಮ್ಮ ಬಾಯ್ಲರ್ ನನಗಿಂತ ಹಿರಿಯದು, ಹೊಟ್ಟೆಗೆ ಎರಡು ತೇಪೆ ಬೇರೆ. ಗುಂಡನ್ನಾದರೂ ಒಳಕ್ಕೆ ಸರಿಸೋಣ ಅಂದರೆ ಅದಕ್ಕೆ ಇನ್‌ಸ್ಪೆಕ್ಟರು ಬೀಗ ಹಾಕಿ ಮೊಹರು ಒತ್ತಿದ್ದರು.

ಆ ಸಂಜೆಯೇ ಕಾಯಿ ಇಳಿಸಿದೆ. ಮಾರನೆಯ ಬೆಳಿಗ್ಗೆ ಅಮ್ಮಾರು ಊಟ ಬಿಟ್ಟರು, ಬೀಜ ಆರಿಸುವ ಹೆಂಗಸರು ಗೇಟಿನ ಒಳಗೆ ಕಾಲಿಡಲಿಲ್ಲ, ಸಾವ್ಕಾರ್ರು ಬೇರೆ ಕೆಲಸ ನೋಡಿಕೋ ಅಂದರು. ಮನೆಯಲ್ಲಿ ಹೆಂಡತಿ, ಇಬ್ಬರು ಮಕ್ಕಳು. ಕಾಯಿ ಮತ್ತೆ ಏರಿತು.

ನಾನು ಬೆಂಕಿ ಕಡಿಮೆ ಮಾಡಿದೆ. ಬೆಂಕಿ ಕಡಿಮೆಯಾಗಿ ಹಬೆ ಸಾಲಲಿಲ್ಲ, ಹಬೆ ಸಾಲದೆ ಎಣ್ಣೆ ಕರಗಲಿಲ್ಲ, ಎಣ್ಣೆ ಕರಗದೆ ಹರಕೆ ತೀರಲಿಲ್ಲ, ಹರಕೆ ತೀರದೆ ಕಾಯಿ ಇಳಿಯಲಿಲ್ಲ. ಒಂದೇ ಸಮಾಧಾನ ಅಂದರೆ ಬಾಯ್ಲರಿನ ಕಾವಿಗೆ ಕಾಯಿ ಒಣಗಿ ದಿನೇ ದಿನೇ ಹಗುರವಾಗುತ್ತಿತ್ತು. ಒಮ್ಮೆ ಮಜ್ಜಿಗೆ ಕುಡಿಯುತ್ತ ಮೈಮರೆತು ಅದನ್ನು ಅಮ್ಮಾರಿಗೆ ಹೇಳಿಬಿಟ್ಟೆ. ಮರುದಿನ ಹೊಸ ಕಾಯಿ ಬಂತು, ನೀರು ತುಂಬಿದ್ದು, ಜುಟ್ಟು ಸಮೇತ.

೫. ಮೊಹರು ಸರಿಯಾಗಿದೆ

ಬಾಯ್ಲರ್ ಇನ್‌ಸ್ಪೆಕ್ಟರು ವರ್ಷಕ್ಕೊಮ್ಮೆ ಬರುತ್ತಿದ್ದರು. ಅವರ ದಾರಿ ಕಾದ ಹಾಗೆ ನಾನು ನನ್ನ ಮದುವೆಯ ದಿಬ್ಬಣವನ್ನೂ ಕಾದಿರಲಿಲ್ಲ. ಬಂದರು. ತೋಳಿನ ಕಡೆ ನೋಡಿದರು. ಕೆಂಪು ವಸ್ತ್ರ ಕಂಡದ್ದೇ ಬೂಟು ಬಿಚ್ಚಿದರು.

ನಾನು ಬಡಬಡನೆ ಎಲ್ಲ ಹೇಳಿದೆ. ತೂಕ ಹೆಚ್ಚಾಗಿದೆ ಸಾರ್, ನನ್ನ ಕೈಲಾಗಲ್ಲ, ನೀವೇ ಇಳಿಸಿ ಅಂದೆ. ಅವರು ಗುಂಡಿನ ಬೀಗ ಎಳೆದು ನೋಡಿ ಮೊಹರು ಸರಿಯಾಗಿದೆ ಅಂದರು. ಕಾಯಿ ಅಂದೆ. ನಾನೂ ಮಕ್ಕಳೊಂದಿಗ ಕಣಯ್ಯ ಅಂದರು. ಹಾಗಾದರೆ ವರದಿಯಲ್ಲಾದರೂ ಬರೆಯಿರಿ ಅಂದೆ. ಅವರು ಫಾರಂ ತಿರುಗಿಸಿ ತಿರುಗಿಸಿ ನೋಡಿ, ಕಾಯಿಗೆ ಇದರಲ್ಲಿ ಕಾಲಮೇ ಇಲ್ಲ ಅಂದರು.

ಹೊರಡುವಾಗ ಅವರು ನನ್ನನ್ನು ಪಕ್ಕಕ್ಕೆ ಕರೆದರು. ಈಗಲಾದರೂ ಬುದ್ಧಿ ಬಂತು ಅಂದುಕೊಂಡು ಹೋದೆ. ಮೈಸೂರಿಗೆ ವರ್ಗ ಆಗಬೇಕಾಗಿದೆ, ಆ ತೋಳಿನ ಮೇಲೆ ಇನ್ನೊಂದು ಕಾಯಿಗೆ ಜಾಗ ಇದೆಯಾ ಅಂತ ಕೇಳಿದರು.

೬. ಹೊರಗಿಂದು, ಒಳಗಿಂದು

ಮರುವರ್ಷ ಸೋಪಿನ ಕಾರ್ಖಾನೆಯವರು ಕಡೇ ಮಾತು ಹೇಳಿದರು, ಈ ಚಳಿಗಾಲ ಸರಿಯಾದ ಎಣ್ಣೆ ಬರದಿದ್ದರೆ ನಿಮ್ಮ ಸಹವಾಸವೇ ಬೇಡ ಅಂತ. ಜೊತೆಗೆ ತಮ್ಮದೇ ಒಬ್ಬ ಇಂಜಿನಿಯರನ್ನು ಕಳಿಸಿದರು. ಆತ ಬಿಳಿ ಪ್ಯಾಂಟು ಕೊಳೆಯಾಗದಂತೆ ಟ್ಯಾಂಕಿನ ಸುತ್ತ ಒಂದು ಸುತ್ತು ಬಂದರು. ನನ್ನ ಸೀಮೆಸುಣ್ಣದ ಚಿತ್ರದ ಮುಂದೆ ಬಹಳ ಹೊತ್ತು ನಿಂತರು. ಒಂದು ಹಾಳೆ ತೆಗೆದು ಅದನ್ನೇ ಸ್ಕೇಲು ಹಿಡಿದು ಬರೆದುಕೊಂಡರು, ಸಾವ್ಕಾರ್ರ ಕೈಗೆ ಕೊಟ್ಟು, ಊಟ ಮಾಡಿ ಬಸ್ಸು ಹತ್ತಿದರು. ಮೂರು ವರ್ಷ ಗೋಡೆಯಷ್ಟು ದೊಡ್ಡದಾಗಿ ಕಾಣುತ್ತಿದ್ದದ್ದು ಸಾವ್ಕಾರ್ರಿಗೆ ಅಂಗೈಯಗಲದ ಹಾಳೆಯಲ್ಲಿ ಕಂಡಿತು. ನನಗೆ ಆಗ ಬಂದ ಸಿಟ್ಟಿಗೆ ಬಾಯ್ಲರಿಗೆ ಸೌದೆಯೇ ಬೇಡವಾಗಿತ್ತು.

ಟ್ಯಾಂಕ್ ಇನ್ನೂ ಖಾಲಿಯಿರುವಾಗಲೇ ಪೈಪು ಬಂತು. ಶಿರಾದಿಂದ ವೆಲ್ಡಿಂಗ್ ಮಾಡುವ ಸಾಹೇಬರು ಬಂದರು. ಆಗ ಸಾವ್ಕಾರ್ರು ಹಾಳೆ ಹಿಡಿದು, ಇದರಲ್ಲಿ ತಪ್ಪಿದೆ ಅಂದರು. "ಒಲೆ ಎಲ್ಲಾರಾ ಪಾತ್ರೆ ಮೇಲೆ ಇರ್ತದಾ? ಹಬೆ ಪೈಪು ಕೆಳೀಕ್ ಹಾಕ್ಲಾ, ಎಣ್ಣೆದು ಮೇಲೀಕ್ ಹಾಕು." ಕರಗಿದ ಎಣ್ಣೆ ಮೇಲಕ್ಕೆ ಹತ್ತುವುದಿಲ್ಲ ಅಂತ ನಾನು ಕೈಮುಗಿದು ಹೇಳಿದೆ. ಇಂಜಿನಿಯರ್ ತಪ್ಪನ್ನೇ ಹಿಡಿದವನಿಗೆ ನೀನು ಹೇಳಿಕೊಡ್ತೀಯ ಅಂದರು.

ಸಾವ್ಕಾರ್ರು ಊಟಕ್ಕೆ ಹೋದ ಮೇಲೆ ನಾನು ತಲೆಯ ಮೇಲೆ ಕೈಹೊತ್ತು ಕೂತೆ. ಸಾಹೇಬರು ಬೀಡಿ ಆರಿಸಿ, ನನ್ನ ಚಿತ್ರ ನೋಡಿ, ಟ್ಯಾಂಕಿನೊಳಗೆ ಇಳಿದರು. ಹಬೆಯ ಪೈಪು ಹೊರಗೆ ಕಾಣುವಂತೆ ಕೆಳಗಿನಿಂದಲೇ ಒಳಗೆ ಹೋಯಿತು. ಒಳಗೆ ಹೋದದ್ದೇ ಒಂದು ಬಾಗು ತೆಗೆದುಕೊಂಡು ಮೇಲೆ ಏರಿತು. ಎಣ್ಣೆಯ ಪೈಪು ಹೊರಗೆ ಮೇಲೆ, ಒಳಗೆ ತಳದಲ್ಲಿ. ತಳದ ಎಣ್ಣೆ ಮೇಲಕ್ಕೆ ಬರಲಿ ಅಂತ ಹೊರಗೆ ಅದಕ್ಕೊಂದು ಕೈಪಂಪು ಕೂರಿಸಿದರು. ಸಾಹೇಬರು ಹೊರಬಂದು ಬೆವರು ಒರೆಸಿಕೊಂಡು, "ಸಾವ್ಕಾರ್ರಿಗೆ ಹೊರಗಿಂದು, ಎಣ್ಣೆಗೆ ಒಳಗಿಂದು. ಇಬ್ರೂ ಖುಷ್ ಭಾಯ್" ಅಂದರು.

ಆ ಚಳಿಗಾಲ ಎಣ್ಣೆ ಚಿನ್ನದ ಬಣ್ಣದಲ್ಲಿ ಬಂತು. ಕಡಿಮೆ ಬೆಂಕಿ, ಕಡಿಮೆ ಹಬೆ, ಹನಿ ನೀರಿಲ್ಲ. ಕೊನೆಯ ಲಾರಿ ಹೋದ ದಿನ ಸಾವ್ಕಾರ್ರು ಬಂದವರನ್ನೆಲ್ಲ ಟ್ಯಾಂಕಿನ ಹತ್ತಿರ ಕರೆದೊಯ್ದು, ಒಲೆ ಕೆಳಗಿರಬೇಕು ಅಂತ ಇಂಜಿನಿಯರಿಗೂ ಗೊತ್ತಿರಲಿಲ್ಲ ಅಂತ ಹೇಳಿದರು. ಕೂಲಿ ಬಾಕಿಗೆ ಬಂದಿದ್ದ ಸಾಹೇಬರೂ ಅಲ್ಲಿದ್ದರು. ನಾನು ಅವರ ಮುಖ ನೋಡಲಿಲ್ಲ, ಅವರು ನನ್ನ ಮುಖ ನೋಡಲಿಲ್ಲ.

೭. ಆಯುಷ್ಯ

ಹರಕೆ ತೀರಿತಲ್ಲ, ಕಾಯಿ ಇಳಿಯಿತು. ಮಂಗಳಾರತಿ ಎತ್ತಿದರು. ಇಂಜಿನಿಯರಿಗೆ ಕಾರ್ಖಾನೆಯಲ್ಲಿ ಬಡ್ತಿಯಾಯಿತಂತೆ, ಸಾವ್ಕಾರ್ರಿಗೆ ಊರಿನಲ್ಲಿ ಹೆಸರಾಯಿತು, ಕಾಯಿಗೆ ಹಾರ ಬಿತ್ತು. ನನಗೆ ಆ ಕಾಯಿಯದೇ ಒಂದು ಹೋಳು ಪ್ರಸಾದ. ಇರಲಿ ಬಿಡು ಅಂದುಕೊಂಡೆ. ತೋಳು ಖಾಲಿಯಾಯಿತಲ್ಲ, ಜೀವ ಉಳಿಯಿತಲ್ಲ, ಅಷ್ಟೇ ಸಾಕು. ಆವತ್ತು ಮನೆಗೆ ಹೋಗಿ ಹೊಟ್ಟೆ ತುಂಬ ಉಂಡು ಮಲಗಿದೆ.

ಬೆಳಿಗ್ಗೆ ಬಾಯ್ಲರ್ ಮನೆಯ ಬಾಗಿಲು ತೆಗೆದರೆ ತೋಳಿನ ಮೇಲೆ ಎರಡು ಕಾಯಿ.

ಅಮ್ಮಾರು ಅಲ್ಲೇ ಊದಿನಕಡ್ಡಿ ಹಚ್ಚುತ್ತಿದ್ದರು. ಒಂದು ಮುಂದಿನ ವರ್ಷದ ಎಣ್ಣೆಗೆ ಅಂದರು. ಇನ್ನೊಂದು ಯಾರಿಗೆ ಅಂತ ನಾನು ಕೇಳಿದೆ. ನಿನಗೇ ಅಂದರು. ನಾಲ್ಕು ವರ್ಷದಿಂದ ನೀನು ಸೊರಗಿಹೋಗಿದ್ದೀಯ, ನಿನ್ನ ಆಯುಷ್ಯ ಗಟ್ಟಿಯಾಗಲಿ ಅಂತ ಕಟ್ಟಿದೆ ಅಂದರು.

ನಾಲ್ಕು ವರ್ಷದ ಮಜ್ಜಿಗೆಯ ಋಣವೆಲ್ಲ ಮರೆತು, "ಅಮ್ಮಾರೇ, ನನ್ ಆಯುಷ್ಯ ಇರಾದೇ ಆ ತೋಳಿನ ತುದೀಲಿ ಕಣಮ್ಮ" ಅಂದೆ.

ಅವರು ಮುದ್ದಿನಿಂದ ನನ್ನ ತಲೆ ಸವರಿ, "ನಂಗೊತ್ತಿಲ್ವಾ ಮಗ, ಅದಕ್ಕೇ ಅಲ್ಲೇ ಕಟ್ಬುಟ್ಟೆ" ಅಂದರು.

ಆವತ್ತು ನಾನು ಬಾಯ್ಲರಿಗೆ ಬೆಂಕಿ ಹಾಕಲಿಲ್ಲ. ಅವರು ಅತ್ತ ಹೋದ ಮೇಲೆ ಎರಡು ಕಾಯಿಯನ್ನೂ ಇಳಿಸಿ, ಒಳಗಿನ ಕಾಯಿ ತೆಗೆದು, ಸಿಪ್ಪೆಯ ನಾರು ತುರುಕಿ ಅದೇ ಕೆಂಪು ವಸ್ತ್ರದಲ್ಲಿ ಗುಂಡಗೆ ಗಂಟು ಕಟ್ಟಿ ಮತ್ತೆ ನೇತುಹಾಕಿದೆ. ಹೊರಗಿಂದು ಅಮ್ಮಾರಿಗೆ, ಒಳಗಿಂದು ನನಗೆ. ಮನೆಯಲ್ಲಿ ಹೆಂಡತಿ ಎರಡನ್ನೂ ಒಡೆದು ಚಟ್ನಿ ಅರೆದಳು. ನನ್ನ ಆಯುಷ್ಯವನ್ನು ನಾನೇ ರೊಟ್ಟಿಗೆ ನೆಂಚಿಕೊಂಡು ತಿಂದೆ. ಅದಕ್ಕೇ ಇವತ್ತಿಗೂ ಕೂತು ಸಿಟ್ಟು ಮಾಡಿಕೊಳ್ಳಲು ಬದುಕಿದ್ದೇನೆ.