ನಾಲ್ಕು ಟ್ರಾನ್ಸಿಸ್ಟರುಗಳ ಜಾತಕ

ಕಂಪ್ಯೂಟರಿನೊಳಗೆ ಸರ್ಕ್ಯೂಟ್ ಕಟ್ಟಿ ನೋಡುವುದು ಶಾಂತವಾದ ಕೆಲಸ. ಹೊಗೆಯಿಲ್ಲ, ಶಾಕ್ ಹೊಡೆಯುವುದಿಲ್ಲ. ನಮ್ಮ ತಲ್ಲೂರಿನ ಮನೆಯಲ್ಲಿ ಮಾತ್ರ ಅದು ಶಾಂತವಾಗಿ ನಡೆದ ದಿನವಿಲ್ಲ.

ಅಮ್ಮ ಕೊಟ್ಟ ವಿವರಣೆ

ಕಾಲಲ್ಲಿ ಗುಂಡಿ ಒತ್ತಿ ಗಿಟಾರಿನ ದನಿ ಬದಲಿಸುವ ಪೆಡಲುಗಳ ಸರ್ಕ್ಯೂಟನ್ನು ಮೊದಲು ಕಂಪ್ಯೂಟರಿನಲ್ಲಿ ಓಡಿಸಿ, ಒಳಗೆ ಕರೆಂಟಿಗೆ ಬಾಗಿಲಿನಂತಿರುವ ಪುಟ್ಟ ಟ್ರಾನ್ಸಿಸ್ಟರುಗಳು ಹೇಗೆ ವರ್ತಿಸುತ್ತವೆಂದು ನೋಡುವುದು ನನ್ನ ಕೆಲಸ. ಪಕ್ಕದ ಮನೆಯಾಕೆ ಅಮ್ಮನನ್ನು ಕೇಳಿದರು, "ಮಗ ಮನ್ಯಂಗೇ ಕೂಕಂಡ್ ಎಂತ ಮಾಡ್ತ ಅಕ್ಕ?"

"ರಿಪೇರಿ. ಆರೆ ಸಾಮಾನ್ ಕೈಯಂಗ್ ಮುಟ್ಟುದಿಲ್ಲ. ಎಲ್ಲ ಕಂಪ್ಯೂಟರಂಗೇ."

ಸಂಜೆ ನನ್ನ ಫೋನಿಗೆ ಅವರ ಮಿಕ್ಸಿಯ ಫೋಟೋ ಬಂತು. ಕೆಳಗೆ ಬರೆದಿತ್ತು: "ಅರ್ಜೆಂಟ್ ಇಲ್ಲ. ನಾಳೆ ದೋಸೆಗೆ ಅರೆಯುವುದರೊಳಗೆ ಆದರೆ ಸಾಕು."

ಮಾವನ ಅಲೆ

ಅಮ್ಮನ ತಮ್ಮ, ನನ್ನ ಮಾವ, ಗಂಗೊಳ್ಳಿಯ ಐಸ್ ಪ್ಲಾಂಟಿನಲ್ಲಿದ್ದಾರೆ. ಹಿಂದೆ ಮದುವೆ ಆರ್ಕೆಸ್ಟ್ರಾಗಳಲ್ಲಿ ಗಿಟಾರ್ ಬಾರಿಸುತ್ತಿದ್ದರು. ಒಂದು ಬೆಳಿಗ್ಗೆ ತಮ್ಮ ಹಳೆಯ ಫೇಸರ್ ಪೆಡಲ್ ಹಿಡಿದು ಬಂದರು. ಕಡಲ ಗಾಳಿ ತಿಂದು ಒಳಗೆಲ್ಲ ಹಸಿರು ಕಿಲುಬು.

ಫೇಸರ್ ಎಂದರೆ ಗಿಟಾರಿನ ದನಿಯನ್ನು ನಾಲ್ಕು ಟ್ರಾನ್ಸಿಸ್ಟರುಗಳ ಹಂತಗಳಲ್ಲಿ ಚೂರುಚೂರೇ ಹಿಂದೆ ಸರಿಸಿ, ಮೂಲ ದನಿಯೊಂದಿಗೆ ಮತ್ತೆ ಬೆರೆಸುವ ಡಬ್ಬ. ದನಿ ಅಲೆಯಂತೆ ಏರಿಳಿಯುತ್ತದೆ.

"ಇದೇ ಬೇಕಾ ಮಾವ? ಅದಿಲ್ದೆ ಬಾರ್ಸೂಕಾತಿಲ್ಯಾ?"

ಮಾವ ಎಡಗೈ ಚಾಚಿದರು. ಬೆರಳುಗಳು ಸಣ್ಣಗೆ ನಡುಗುತ್ತಿದ್ದವು.

"ತನ್ ಮದಿ ದಿನ ಅಪ್ಪ ಬಾರ್ಸೂಕೇ ಬೇಕ್ ಅಂತ ಮಗ್ಳ್ ಹಟ ಹಿಡ್ದಿತ್ತ್. ಅಲೆ ಇದ್ರೆ ಈ ನಡುಕ ಯಾರಿಗೂ ಗೊತ್ತಾತಿಲ್ಲ. ಇಲ್ದಿರೆ ಗಂಡಿನ್ ಬದಿಯರ್ ಎದ್ರ್ ನಾ ಬಾರ್ಸುದಿಲ್ಲ ಮಾಣಿ."

ನಾನು ಪೆಡಲನ್ನು ಕೈಗೆ ತೆಗೆದುಕೊಂಡೆ. ಮಾವನೇ ಹಗುರ ಮಾಡಿದರು. "ಐಸ್ ಪ್ಲಾಂಟಂಗೆ ಇಷ್ಟ್ ವರ್ಷ ನಿಂತ್ರೆ ನಿನ್ ಕಂಪ್ಯೂಟರೂ ನಡುಗತ್ತ್."

ಗುಳಿಯಪ್ಪದ ಕಾವಲಿ

ಮಾವನಿಗೆ ಹೊಸದೇ ಫೇಸರ್ ಕಟ್ಟಲು ಟ್ರಾನ್ಸಿಸ್ಟರುಗಳ ಪೊಟ್ಟಣ ತರಿಸಿದೆ. ಒಂದೇ ಪೊಟ್ಟಣದಿಂದ ಬಂದರೂ ಇವುಗಳ ಸ್ವಭಾವ ಒಂದೇ ಅಲ್ಲ. ಒಂದು ಸ್ವಲ್ಪ ವೋಲ್ಟೇಜಿಗೇ ಬಾಗಿಲು ಮುಚ್ಚಿಕೊಳ್ಳುತ್ತದೆ, ಇನ್ನೊಂದಕ್ಕೆ ಜಾಸ್ತಿ ಬೇಕು. ಫೇಸರಿಗೆ ನಾಲ್ಕೂ ಹೊಂದಬೇಕು ಎನ್ನುವುದು ನಿಯಮ. ಒಂದೊಂದನ್ನೇ ಮೀಟರಿನಲ್ಲಿ ಅಳೆದು, ಹತ್ತಿರದವನ್ನು ಒಟ್ಟುಮಾಡಿ, ಅಮ್ಮನ ಗುಳಿಯಪ್ಪದ ಕಾವಲಿಯ ಗುಳಿಗಳಲ್ಲಿ ಬೇರೆಬೇರೆ ಇಟ್ಟೆ. ಸ್ನಾನ ಮಾಡಿ ಬರುವಷ್ಟರಲ್ಲಿ ಕಾವಲಿ ಒಲೆಯ ಮೇಲಿತ್ತು. ಟ್ರಾನ್ಸಿಸ್ಟರುಗಳೆಲ್ಲ ಒಂದೇ ಡಬ್ಬದಲ್ಲಿ.

"ಎಲ್ಲ ಒಂದೇ ನಮೂನಿ ಕಾಂತಲ್ದಾ ಮಗಾ!" ಅಂದರು ಅಮ್ಮ.

ಮತ್ತೆ ಅಳೆಯಲು ಕೂತೆ. ಅಮ್ಮ ಬಿಸಿ ಗುಳಿಯಪ್ಪ ತಂದಿಟ್ಟು ಪಕ್ಕದಲ್ಲಿ ಕೂತರು.

"ಎಂತಕ್ಕ್ ಇಷ್ಟ್ ಪರೀಕ್ಷೆ?"

"ನಾಲ್ಕೂ ಒಂದಕ್ಕೊಂದ್ ಹೊಂದ್ಕಮ್ಮ."

"ನಾಲ್ಕಾ! ನಿನ್ ಮಾವನ ಮಗ್ಳಿಗೆ ಇಬ್ರ್ ಜಾತಕ ಹೊಂದ್ಸೂಕೇ ಜೋಯ್ಸರ ಮನಿ ಮೆಟ್ಲ್ ಸವ್ದ್ ಹೋಯ್ತ್!"

ಈಜುಕೊಳ

ಬೆಸೆಯುವ ಮೊದಲು ಕಂಪ್ಯೂಟರಿನಲ್ಲಿ ನೋಡಿದೆ. ಮಾವ ವಾಟ್ಸಾಪಿನಲ್ಲಿ ಕಳಿಸಿದ್ದ ಗಿಟಾರಿನ ತುಣುಕನ್ನು ಚೆನ್ನಾಗಿ ಹೊಂದಿದ ನಾಲ್ಕು ಟ್ರಾನ್ಸಿಸ್ಟರುಗಳ ಮಾದರಿಯಲ್ಲಿ ಹಾಯಿಸಿ ಅವರಿಗೇ ಕಳಿಸಿದೆ. ಕೂಡಲೇ ಫೋನ್ ಬಂತು.

"ಅಲೆ ಬತ್ತ್ ಮಾಣಿ. ಆರೆ ಇದ್ ಕಡ್ಲ್ ಅಲ್ಲ, ಈಜುಕೊಳ."

ಹಳೆಯ ಪೆಡಲಿನ ಟ್ರಾನ್ಸಿಸ್ಟರುಗಳನ್ನು ಅಳೆದೆ. ಕಾಲುಗಳು ಕಿಲುಬಿದ್ದರೂ ಜೀವ ಇತ್ತು. ಒಂದಕ್ಕೊಂದು ಹೊಂದುತ್ತಲೇ ಇರಲಿಲ್ಲ. ಆ ನಾಲ್ಕು ಸ್ವಭಾವಗಳನ್ನೇ ಮಾದರಿಗೆ ಹಾಕಿದೆ. ಅಲೆ ಒಂದು ಕಡೆ ಜೋರಾಯಿತು, ಒಂದು ಕಡೆ ಮುಗ್ಗರಿಸಿತು. ಅದನ್ನೂ ಕಳಿಸಿದೆ. ಈ ಸಲ ಮಾವ ಎರಡೆರಡು ಬಾರಿ ಕೇಳಿ ಫೋನ್ ಮಾಡಿದರು.

"ಹಾಂ. ಈಗ ನಮ್ ಅಳಿವೆ ಬಾಗ್ಲಿಗ್ ಬಂತ್." ಹೊಳೆ ಕಡಲು ಸೇರುವ ಅಳಿವೆಯಲ್ಲಿ ಅಲೆಗಳು ಹೀಗೇ ಏರುಪೇರು.

ಅಂಥವೇ ನಾಲ್ಕನ್ನು ಡಬ್ಬದಿಂದ ಆರಿಸಿ ಬೆಸೆದೆ. ಅಮ್ಮ ನೋಡುತ್ತಿದ್ದರು. "ಹಂಗಾರೆ ಹೊಂದದಿದ್ರೂ ಆತ್ತಾ? ಆ ಜೋಯ್ಸರಿಗ್ ಹೇಳ್ಬೇಡ."

ಬ್ರಹ್ಮಾವರದ ಹಾಲ್

ಮದುವೆಯ ದಿನ ಧಾರೆ ಮುಗಿದ ಮೇಲೆ ಮಾವ ವೇದಿಕೆಯ ಬದಿಯಲ್ಲಿ ಗಿಟಾರ್ ಹಿಡಿದು ಕೂತರು. ಸ್ಪೀಕರುಗಳೆಲ್ಲ ಜನರ ಕಡೆ ಮುಖ ಮಾಡಿದ್ದವು, ಮಾವನಿಗೆ ತಮ್ಮ ಗಿಟಾರ್ ಸರಿಯಾಗಿ ಕೇಳುವಂತಿರಲಿಲ್ಲ. ಮಗಳನ್ನೇ ನೋಡುತ್ತ ಶುರುಮಾಡಿದರು.

ಅಲೆ ಬರಲಿಲ್ಲ. ಪೆಡಲಿನ ಕೆಂಪು ದೀಪ ಆರಿತ್ತು. ಗುಂಡಿ ಒತ್ತಲು ಮರೆತಿದ್ದರು. ಗಿಟಾರಿನ ದನಿ ಹಾಗೆಯೇ ಹಾದು ಹೋಗಿ, ಒಂದೊಂದು ನಡುಕವೂ ಹಾಲಿನ ತುಂಬ ಕೇಳುತ್ತಿತ್ತು. ನಾನು ಬಗ್ಗಿಕೊಂಡು ಪೆಡಲಿನತ್ತ ಹೊರಟೆ. ಮದುಮಗಳು ಮದರಂಗಿಯ ಕೈಯಿಂದ ನನ್ನ ಅಂಗಿ ಹಿಡಿದಳು.

"ಬ್ಯಾಡ ಬಾವ. ಹಂಗೇ ಇರ್ಲಿ."

ಅವಳ ಕಣ್ಣು ತುಂಬಿತ್ತು. ಗಂಡಿನ ಕಡೆಯಲ್ಲಿ ಊಟಕ್ಕೆ ಹೊರಟವರು ಕೂಡ ಬಾಗಿಲಲ್ಲೇ ನಿಂತುಬಿಟ್ಟರು. ನಮ್ಮ ಕಡೆಯ ಮದುವೆಗಳಲ್ಲಿ ಇದಕ್ಕಿಂತ ದೊಡ್ಡ ಮರ್ಯಾದೆ ಇಲ್ಲ.

ಚಪ್ಪಾಳೆ ನಿಂತ ಮೇಲೆ ಮಾವ ಬೆವರು ಒರೆಸಿಕೊಂಡು ನನ್ನನ್ನು ಕರೆದರು. "ಕಂಡ್ಯಾ ಮಾಣಿ? ನಿನ್ ಪೆಡಲ್ ಒಂಚೂರೂ ನಡುಕ ಗೊತ್ತಾಪುಕೆ ಬಿಡ್ಲಿಲ್ಲ!"

"ಹೌದು ಮಾವ," ಅಂದೆ. ಮದುಮಗಳು ತಲೆ ತಗ್ಗಿಸಿ ನಗು ನುಂಗಿದಳು.

ಮಾವನಿಗೆ ಈಗ ಎಲ್ಲಿಲ್ಲದ ಧೈರ್ಯ. ಮೈಕ್ ಎಳೆದುಕೊಂಡರು.

"ಹ್ವಾಯ್, ಉಂಬುಕ್ ಹೋಪರ್ ನಿಲ್ಲಿ! ಇನ್ನೊಂದ್ ಹಾಡ್. ಈ ಸಲ ಡಬ್ಬದ್ ಸಹಾಯ ಇಲ್ದೇ, ಬರೀ ಕೈಯಂಗ್ ಬಾರ್ಸ್ತೆ!"

ಎಂದವರೇ, ಹೆಮ್ಮೆಯಿಂದ ಕಾಲ ಹೆಬ್ಬೆರಳಲ್ಲಿ ಗುಂಡಿ ಒತ್ತಿದರು. ಕೆಂಪು ದೀಪ ಹೊತ್ತಿಕೊಂಡಿತು.