ಚಾಮರಾಜನಗರದಲ್ಲಿ ಕಡಲ ಪಾಚಿ ಸಾಕಿದ್ದು

ಕಡಲಿಲ್ಲದ ಜಿಲ್ಲೆಯಲ್ಲಿ ಕಡಲ ಪಾಚಿ ಸಾಕಲು ಹೊರಟವಳಿಗೆ ದಿನಕ್ಕೊಂದು ರಗಳೆ ತಪ್ಪಿದ್ದಲ್ಲ. ಚಾಮರಾಜನಗರ ಜಿಲ್ಲೆಯಾಗಿ ಆಗಿನ್ನೂ ಕೆಲವೇ ವರ್ಷ. ಅಲ್ಲಿನ ಕಾಲೇಜೊಂದರಲ್ಲಿ ನಾನು ಸಸ್ಯಶಾಸ್ತ್ರದ ಲೆಕ್ಚರರ್. ಬೆಳಕು ಹೆಚ್ಚು ಕಡಿಮೆಯಾದರೆ ಕಡಲಿನ ಸೂಕ್ಷ್ಮ ಪಾಚಿ ಹೇಗೆ ಹೊಂದಿಕೊಂಡು ಬೆಳೆಯುತ್ತದೆ ಎಂಬುದು ನನ್ನ ಪಿಎಚ್.ಡಿ. ವಿಷಯ. ಆ ವರ್ಷದೊಳಗೆ ಪ್ರಯೋಗ ಮುಗಿಸದಿದ್ದರೆ ನೋಂದಣಿ ರದ್ದು. ರದ್ದು ಮಾಡಿಸಲು ಊರಿಗೆ ಊರೇ ಪಣ ತೊಟ್ಟಿತ್ತೆಂದು ನನಗೆ ಈಗಲೂ ಅನುಮಾನ.

ಕ್ಯಾನು

ಪಾಚಿಗೆ ಸಮುದ್ರದ ನೀರೇ ಬೇಕು. ಗಡಿಯಾಚೆಯ ಕೋಳಿಕ್ಕೋಡಿನ ಕಡಲಿನಿಂದ ಒಂದು ಕ್ಯಾನ್ ತುಂಬಿಸಿಕೊಂಡು ಗುಂಡ್ಲುಪೇಟೆ ಬಸ್ಸಿನಲ್ಲಿ ಬರುತ್ತಿದ್ದೆ. ಚೆಕ್‌ಪೋಸ್ಟಿನವನು ಬಸ್ಸು ಹತ್ತಿ ಕ್ಯಾನನ್ನು ಕಾಲಿನಿಂದ ತಟ್ಟಿದ.

"ಏನಮ್ಮ ಇದು?"

"ಸಮುದ್ರದ ನೀರು."

"ಸಮುದ್ರಾನ ಯಾರಮ್ಮ ಗುಂಡ್ಲುಪೇಟೆಗೆ ಒತ್ಕಂಡು ಬರ್ತಾರೆ? ಕಳ್ಳು ತಾನೆ?"

ಓದಿದ ಹೆಂಗಸಿಗೆ ಬಸ್ಸಿನ ತುಂಬ ಜನರೆದುರು ಈ ಮಾತು. ಮೈಯೆಲ್ಲ ಉರಿದುಹೋಯಿತು. ಅಷ್ಟರಲ್ಲಿ ಅವನು ಬೊಗಸೆಗೆ ಸುರಿದುಕೊಂಡು ಕುಡಿದೇ ಬಿಟ್ಟ. ಕಣ್ಣಲ್ಲಿ ನೀರು ಬರುವವರೆಗೆ ಉಗಿದು, ಕಂಡಕ್ಟರನಿಗೆ ಮೆಲ್ಲಗೆ ಹೇಳಿದ: "ಬುಟ್ಬುಡ್ಲಾ. ಪಾಪ, ಆಯಮ್ಮಂಗೆ ಯಾರೋ ಕೆಟ್ಟೋಗಿರ ಕಳ್ಳು ಕೊಟ್ಟು ಟೋಪಿ ಆಕವ್ರೆ."

ಗೊಬ್ಬರ

ಒಂದೇ ಪಾಚಿ, ಒಂದೇ ನೀರು. ಅರ್ಧ ಫ್ಲಾಸ್ಕುಗಳು ಟ್ಯೂಬ್‌ಲೈಟಿನ ಕೆಳಗೆ, ಅರ್ಧ ಬಟ್ಟೆಯ ಮರೆಯಲ್ಲಿ. ಮಬ್ಬಿನಲ್ಲಿರುವ ಪಾಚಿ ಸಿಕ್ಕಷ್ಟು ಬೆಳಕನ್ನೂ ಹಿಡಿಯಲು ಹಸಿರು ಹೆಚ್ಚಿಸಿಕೊಂಡು ಕಡುಹಸಿರಾಗುತ್ತದೆ. ಬೆಳಕು ಧಾರಾಳವಾಗಿ ಸಿಕ್ಕುವ ಪಾಚಿ ಅಷ್ಟೊಂದು ಹಸಿರು ಬೇಡವೆಂದು ತಿಳಿಹಸಿರಾಗುತ್ತದೆ. ಹಾಗೇ ಆಗುತ್ತಿತ್ತು. ನಾನು ಖುಷಿಯಲ್ಲಿದ್ದೆ.

ಒಂದು ಬೆಳಿಗ್ಗೆ ತಿಳಿಹಸಿರಿನ ಫ್ಲಾಸ್ಕುಗಳ ಪಕ್ಕದಲ್ಲೆಲ್ಲ ಬಿಳಿ ಹರಳು ಚೆಲ್ಲಿತ್ತು. ನಮ್ಮ ಅಟೆಂಡರು ಹರದನಹಳ್ಳಿಯವರು, ಮನೆಯಲ್ಲಿ ಅರಿಸಿನದ ಬೇಸಾಯ.

"ಅಳ್ದಿಗೆ ತಿರುಗ್ಬುಟ್ಟಿದ್ವು ಮೇಡಮ್ಮೋರೆ, ನೋಡಕಾಗ್ನಿಲ್ಲ. ಒಂದೊಂದ್ ಚಿಟ್ಕೆ ಯೂರಿಯಾ ಆಕ್ಬುಟ್ಟೆ."

ಇನ್ನು ಬೆಳಕಿನ ಫಲ ಯಾವುದು, ಯೂರಿಯಾದ ಫಲ ಯಾವುದು ಎಂದು ಯಾರು ಹೇಳಬೇಕು? ನಾನು ಕೂಗಾಡಿದೆ. ಅವಕ್ಕೆ ರೋಗವಿಲ್ಲ, ಬೆಳಕು ಹೊಟ್ಟೆತುಂಬ ಸಿಕ್ಕಿದ್ದಕ್ಕೇ ಬಣ್ಣ ತಗ್ಗಿದೆ ಎಂದೆ. ಅವರು ನನ್ನನ್ನೇ ಕನಿಕರದಿಂದ ನೋಡಿದರು. "ಒಟ್ಟೆ ತುಂಬ್ದೋರು ಎಲ್ಲಾರ ಬಿಳಚ್ಕತಾರ ಮೇಡಮ್ಮೋರೆ? ನೀವೂ ಒಸಿ ಉಂಡ್ಕಂಡು ಬನ್ನಿ."

ಸಮಿತಿ

ಮತ್ತೆ ಮೊದಲಿನಿಂದ ಶುರು ಮಾಡಿದೆ. ಅದೇ ಕೊನೆಯ ಅವಕಾಶ. ಎರಡು ಸಾಲು ಎರಡು ಬಣ್ಣಕ್ಕೆ ತಿರುಗಿ ನಿಂತವು. ಮಾರನೆಯ ದಿನ ಅಳತೆ ತೆಗೆದರೆ ಮುಗಿಯಿತು. ಆ ಹೊತ್ತಿಗೇ ಕಾಲೇಜಿಗೆ ಪರಿಶೀಲನಾ ಸಮಿತಿ ಬರುವುದಿತ್ತು.

ಪ್ರಿನ್ಸಿಪಾಲರು ಸಾಲುಗಳನ್ನು ನೋಡಿ ಮುಖ ಗಂಟಿಕ್ಕಿದರು. "ಒಂದು ಕಡೆ ಕಪ್ಪು, ಒಂದು ಕಡೆ ಪೇಲವ. ಚೆನ್ನಾಗಿ ಕಾಣಲ್ಲವಲ್ಲ ಮೇಡಂ?"

"ಆ ವ್ಯತ್ಯಾಸವೇ ನನ್ನ ಪಿಎಚ್.ಡಿ. ಸಾರ್. ದಯವಿಟ್ಟು ಮುಟ್ಟಬೇಡಿ."

"ಛೇ, ಮುಟ್ಟೋದುಂಟೇ," ಎಂದವರೇ ಸಮಿತಿಯವರನ್ನು ಕರೆತರಲು ನನ್ನನ್ನು ರೈಲ್ವೆ ಸ್ಟೇಷನ್ನಿಗೆ ಕಳಿಸಿದರು.

ಸಮಿತಿಯವರೊಂದಿಗೆ ಲ್ಯಾಬಿಗೆ ಕಾಲಿಟ್ಟೆ. ಎಲ್ಲ ಫ್ಲಾಸ್ಕೂ ಒಂದೇ ಬಣ್ಣ. ಮೂಲೆಯಲ್ಲೊಂದು ಒದ್ದೆ ಬಕೆಟ್ಟು, ಅದರಲ್ಲಿ ಸೌಟು. ಪ್ರಿನ್ಸಿಪಾಲರು ಎಲ್ಲವನ್ನೂ ಬಕೆಟ್ಟಿಗೆ ಸುರಿಸಿ, ಮದುವೆಮನೆಯ ಮಜ್ಜಿಗೆಯಂತೆ ಕಲಕಿಸಿ, ಸಮನಾಗಿ ಹಂಚಿಸಿದ್ದರು. ನನಗೆ ಅಳುವೂ ಬಂತು, ಸೌಟು ಎತ್ತಿಕೊಳ್ಳುವ ಮನಸ್ಸೂ ಆಯಿತು.

"ಏನಮ್ಮ ನಿಮ್ಮ ಸಂಶೋಧನೆ?" ಹಿರಿಯ ಸದಸ್ಯರು ಕೇಳಿದರು.

"ಬೆಳಕು ಬದಲಾದರೆ ಪಾಚಿ ಹೇಗೆ ಬದಲಾಗುತ್ತೆ ಅಂತ," ಎಂದೆ, ಹಲ್ಲು ಕಚ್ಚಿಕೊಂಡು.

"ಎಲ್ಲಾ ಒಂದೇ ಥರ ಇದೆಯಲ್ಲ?"

ನಾನು ಬಾಯಿ ತೆರೆಯುವ ಮೊದಲೇ ಪ್ರಿನ್ಸಿಪಾಲರು ಎದೆಯುಬ್ಬಿಸಿದರು. "ನಮ್ಮ ಕಾಲೇಜಲ್ಲಿ ಭೇದಭಾವ ಇಲ್ಲ ಸಾರ್."

ಸದಸ್ಯರು ಸಂತೋಷದಿಂದ ನನ್ನ ಕಡೆ ತಿರುಗಿದರು. "ಹಾಗಾದರೆ ಬೆಳಕಿಂದ ಏನೂ ಬದಲಾಗಲ್ಲ ಅಂತ ಸಾಬೀತಾಯ್ತಲ್ಲಮ್ಮ. ಇನ್ನೇನು ತಡ, ಬರೆದು ಕೊಟ್ಟುಬಿಡಿ."